ಪಾಡ್‌ಗಳ ಲೆಕ್ಕ 5 ಜಿಬಿ, ನೋಡ್ ತೋರಿಸುವುದು 13 ಜಿಬಿ. ಉಳಿದ ಮೆಮೊರಿ ಎಲ್ಲಿದೆ?

ಅಂತರಗಂಗೆ (ಕೋಲಾರ):

ಎಲ್ಲರಿಗೂ ನಮಸ್ಕಾರ. ಕೋಲಾರದ ಟೊಮ್ಯಾಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುವ ಸಣ್ಣ ತಂಡ ನಮ್ಮದು. ಹರಾಜು ಮುಗಿದ ಕೂಡಲೇ ಎಷ್ಟು ಬಾಕ್ಸ್, ಯಾವ ರೇಟು, ಕೈಗೆ ಎಷ್ಟು ಅಂತ ರೈತರ ಮೊಬೈಲಿಗೆ ಕನ್ನಡದಲ್ಲೇ ಪಿಡಿಎಫ್ ಬಿಲ್ ಹೋಗಬೇಕು. ಸಾಮಾನ್ಯ ಪಿಡಿಎಫ್ ಲೈಬ್ರರಿಗಳಲ್ಲಿ ನಮ್ಮ ಒತ್ತಕ್ಷರ ಒಡೆದುಹೋಗುತ್ತವೆ. ಅದಕ್ಕೆ ಪಪೆಟಿಯರ್ (ಬ್ರೌಸರನ್ನು ಪ್ರೋಗ್ರಾಂನಿಂದ ನಡೆಸುವ ಟೂಲ್) ಮೂಲಕ ಕ್ರೋಮ್ ಓಡಿಸಿ ಬಿಲ್ ತೆಗೆಯುತ್ತೇವೆ.

ಕುಬರ್ನೆಟೀಸ್ (ಹಲವು ಮೆಷಿನ್‌ಗಳಲ್ಲಿ ಕಂಟೇನರ್ ಓಡಿಸುವ ವ್ಯವಸ್ಥೆ) ಕ್ಲಸ್ಟರ್‌ನಲ್ಲಿ 3 ನೋಡ್, ಅಂದರೆ 3 ಮೆಷಿನ್, ತಲಾ 16 ಜಿಬಿ, ಉಬುಂಟು 22.04, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಆಫ್. ಬಿಲ್ ಪಾಡ್ (ಪಾಡ್ ಅಂದರೆ ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು) ಇರುವ ನೋಡ್‌ನಲ್ಲಿ ಮಾತ್ರ ತೊಂದರೆ. ಮೆಮೊರಿ ಬಳಕೆ ತೋರಿಸುವ ಕ್ಯೂಬ್‌ಸಿಟಿಎಲ್ ಟಾಪ್ ನೋಡ್ ಕಮಾಂಡ್ 13 ಜಿಬಿ ಅನ್ನುತ್ತದೆ. ಅದೇ ನೋಡ್‌ನ ಎಲ್ಲ ಪಾಡ್ ಕೂಡಿಸಿದರೆ 5 ಜಿಬಿ. ಕ್ಯೂಬ್ಲೆಟ್ (ನೋಡ್‌ನಲ್ಲಿ ಪಾಡ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ), ಕಂಟೇನರ್‌ಡಿ (ಕಂಟೇನರ್ ಓಡಿಸುವ ಪ್ರೋಗ್ರಾಂ) ಎಲ್ಲ ಸೇರಿ 1 ಜಿಬಿ ದಾಟುವುದಿಲ್ಲ. ಮಿಕ್ಕ 7 ಜಿಬಿ ಯಾರ ಹೆಸರಲ್ಲೂ ಇಲ್ಲ. ರೀಬೂಟ್ ಮಾಡಿದರೆ ಸರಿಹೋಗುತ್ತದೆ, ಆಮೇಲೆ ಮತ್ತೆ ನಿಧಾನಕ್ಕೆ ಏರುತ್ತದೆ. ಪೂರ್ತಿ ತುಂಬಿದಾಗ ಮೆಮೊರಿ ಪ್ರೆಶರ್ ಅಂತ ಕ್ಯೂಬ್ಲೆಟ್ ಪಾಡ್‌ಗಳನ್ನು ಹೊರಹಾಕುತ್ತದೆ. ಬಿಲ್ ಪಾಡ್‌ಗೆ ಪ್ರಯಾರಿಟಿ ಜಾಸ್ತಿ ಇರುವುದರಿಂದ ಮೊದಲು ಹೋಗುವುದು ಎಸ್ಸೆಮ್ಮೆಸ್ ಪಾಡ್. ರೈತರು ಬಿಲ್ ಬರಲಿಲ್ಲ ಅಂತ ಮಂಡಿ ಮುಂದೆ ಕಾದು ನಿಲ್ಲುತ್ತಾರೆ. ಜೂನ್, ಜುಲೈನಲ್ಲಿ ಮಾಲು ಜಾಸ್ತಿ ಬರುವ ಮುಂಚೆ ಇದಕ್ಕೆ ಕಾರಣ ಸಿಗಲೇಬೇಕು.

ನಂದಿಬೆಟ್ಟ (ಚಿಕ್ಕಬಳ್ಳಾಪುರ):

ಮೊದಲು ಪೇಜ್ ಕ್ಯಾಶ್ (ಓದಿದ, ಬರೆದ ಫೈಲ್‌ಗಳನ್ನು ಕರ್ನಲ್ ರ‍್ಯಾಮ್‌ನಲ್ಲಿ ಇಟ್ಟುಕೊಂಡ ಪ್ರತಿ) ನೋಡಿಬಿಡಿ. ಟಾಪ್ ತೋರಿಸುವುದು ವರ್ಕಿಂಗ್ ಸೆಟ್. ಒಟ್ಟು ಬಳಕೆಯಲ್ಲಿ ಇನ್‌ಆಕ್ಟಿವ್ ಫೈಲ್ (ಇತ್ತೀಚೆಗೆ ಬಳಸದ ಫೈಲ್ ಕ್ಯಾಶ್) ಅನ್ನೋ ಭಾಗವನ್ನು ಮಾತ್ರ ಅದು ಕಳೆಯುತ್ತದೆ. ಆಕ್ಟಿವ್ ಫೈಲ್ ಕ್ಯಾಶ್ ಬೇಕಾದಾಗ ಬಿಟ್ಟುಕೊಡುವಂಥದ್ದೇ ಆದರೂ ಲೆಕ್ಕದಲ್ಲಿ ಹಾಗೇ ಉಳಿಯುತ್ತದೆ. ಹರಾಜು ಇಲ್ಲದ ಹೊತ್ತಲ್ಲಿ ಸಿಂಕ್ ಕೊಟ್ಟು, ಡ್ರಾಪ್ ಕ್ಯಾಶಸ್‌ಗೆ (ಕ್ಯಾಶ್ ಖಾಲಿ ಮಾಡಿಸುವ ಕರ್ನಲ್ ಫೈಲ್) 3 ಬರೆದು, ಫ್ರೀ ಕಮಾಂಡ್‌ನಲ್ಲಿ ಅವೈಲಬಲ್ ಕಾಲಂ ನೋಡಿ.

ಅಂತರಗಂಗೆ:

ಮಾಡಿದೆ ಸರ್. ಬಫ್-ಕ್ಯಾಶ್ ಸ್ವಲ್ಪ ಇಳಿದು 7.2 ಜಿಬಿಗೆ ನಿಂತಿತು. ಅವೈಲಬಲ್ 3 ಜಿಬಿಯೂ ಇಲ್ಲ. ಶೇರ್ಡ್ ಅನ್ನೋ ಕಾಲಂನಲ್ಲಿ 6.8 ಜಿಬಿ ಇದೆ. ಏನಿದು?

ದೇವರಾಯನದುರ್ಗ (ತುಮಕೂರು):

ನಿಮ್ಮ ಮೆಮೊರಿ ಅಲ್ಲೇ ಇದೆ. ಆ ಶೇರ್ಡ್ ಕಾಲಂ ಪ್ರಾಕ್ ಮೆಮ್‌ಇನ್ಫೋದ (ಕರ್ನಲ್ ಕೊಡುವ ಮೆಮೊರಿ ಲೆಕ್ಕದ ಫೈಲ್) ಎಸ್‌ಎಚ್‌ಮೆಮ್ ಸಾಲಿನಿಂದ ಬರುತ್ತದೆ. ಹೆಚ್ಚುಪಾಲು ಅದು ಟಿಎಂಪಿಎಫ್‌ಎಸ್, ಅಂದರೆ ಡಿಸ್ಕ್ ಬದಲು ರ‍್ಯಾಮ್‌ನಲ್ಲೇ ಕೂತ ಫೈಲ್‌ಗಳು. ಫ್ರೀ ಇದನ್ನು ಕ್ಯಾಶ್ ಕಾಲಂನಲ್ಲೇ ಸೇರಿಸಿ ತೋರಿಸುತ್ತದೆ. ಆದರೆ ಇದರ ಹಿಂದೆ ಡಿಸ್ಕ್ ಕಾಪಿ ಇಲ್ಲ, ನಿಮ್ಮಲ್ಲಿ ಸ್ವಾಪೂ ಇಲ್ಲ. ಕರ್ನಲ್ ಇದನ್ನು ಎಲ್ಲಿಗೂ ಸರಿಸಲಾರದು. ಹಾಗಾಗಿ ಕ್ಯಾಶ್ ಬಿಡಿಸಿದರೂ ಅದು ಅಲುಗಾಡುವುದಿಲ್ಲ.

ಕ್ರೋಮ್ ಅಂದ ಕೂಡಲೇ ನನಗೆ ಇದೇ ಅನುಮಾನ ಬಂತು. ಕಂಟೇನರ್‌ನಲ್ಲಿ ಡೆವ್ ಎಸ್‌ಎಚ್‌ಎಂ (ಪ್ರಾಸೆಸ್‌ಗಳು ಮೆಮೊರಿ ಹಂಚಿಕೊಳ್ಳುವ ಫೋಲ್ಡರ್) ಮಾಮೂಲಿಯಾಗಿ 64 ಎಂಬಿ ಮಾತ್ರ. ಕ್ರೋಮ್‌ಗೆ ಅದು ಸಾಲದು ಅಂತ ಎಲ್ಲರೂ ಮೀಡಿಯಂ ಮೆಮೊರಿ ಕೊಟ್ಟು, ಅಂದರೆ ರ‍್ಯಾಮ್‌ನಲ್ಲಿ, ಎಂಪ್ಟಿಡಿರ್ (ಪಾಡ್‌ಗೆ ಕೊಡುವ ತಾತ್ಕಾಲಿಕ ಫೋಲ್ಡರ್) ಹಾಕುತ್ತಾರೆ. ಹಾಕುವಾಗ ಎಷ್ಟೋ ಜನ ಟಿಎಂಪಿ ಫೋಲ್ಡರನ್ನೂ ಅದರ ಮೇಲೇ ಇಡುತ್ತಾರೆ. ಆ ನೋಡ್‌ನಲ್ಲಿ ಡಿಎಫ್ ಕಮಾಂಡಿಗೆ ಟಿಎಂಪಿಎಫ್‌ಎಸ್ ಮಾತ್ರ ತೋರಿಸು ಅಂತ ಕೊಡಿ. ಕ್ಯೂಬ್ಲೆಟ್ ಪಾಡ್ಸ್ ಫೋಲ್ಡರ್ ಕೆಳಗೆ ದೊಡ್ಡದೊಂದು ಸಿಗಬೇಕು. ಬಿಲ್ ಪಾಡ್‌ನ ರೀಸ್ಟಾರ್ಟ್ ಸಂಖ್ಯೆಯನ್ನೂ ನೋಡಿ.

ಅಂತರಗಂಗೆ:

ಸಿಕ್ಕಿತು ಅಣ್ಣಾ! ಬಿಲ್ ಪಾಡ್‌ನ ಟಿಎಂಪಿ ಒಂದೇ 6.6 ಜಿಬಿ. ಒಳಗೆ ತುಂಬಾ ಪಪೆಟಿಯರ್ ಕ್ರೋಮ್ ಪ್ರೊಫೈಲ್ ಫೋಲ್ಡರ್‌ಗಳಿವೆ, ಹಳೆಯವೂ ಇವೆ. ರೀಸ್ಟಾರ್ಟ್ ಸಂಖ್ಯೆ ಮೂರಂಕಿ. ಹರಾಜಿನ ರಶ್‌ನಲ್ಲಿ ಲೈವ್‌ನೆಸ್ ಪ್ರೋಬ್ (ಕಂಟೇನರ್ ಬದುಕಿದೆಯೇ ಅಂತ ಆಗಾಗ ನೋಡುವ ಪರೀಕ್ಷೆ) ಫೇಲ್ ಆಗಿ ಕಂಟೇನರ್ ಸಾಯುತ್ತಿದೆ. ಒಂದು ಮಾತ್ರ ಅರ್ಥ ಆಗಲಿಲ್ಲ. ಆ ಕಂಟೇನರ್‌ಗೆ 1 ಜಿಬಿ ಲಿಮಿಟ್ ಇದೆ. 6.6 ಜಿಬಿ ಹೇಗೆ ಸೇರಿತು? ಟಾಪ್ ಪಾಡ್‌ನಲ್ಲಿ ಯಾಕೆ ಕಾಣಲಿಲ್ಲ?

ದೇವರಾಯನದುರ್ಗ:

ಇದೇ ನೋಡಿ ಮುಖ್ಯವಾದ ವಿಷಯ. ಟಿಎಂಪಿಎಫ್‌ಎಸ್‌ಗೆ ಬರೆದ ಫೈಲ್ ಯಾವ ಕಂಟೇನರ್ ಬರೆಯಿತೋ ಅದರ ಸಿಗ್ರೂಪ್ (ಮೆಮೊರಿ ಲೆಕ್ಕ, ಲಿಮಿಟ್ ಇಡುವ ಕರ್ನಲ್ ಗುಂಪು) ಲೆಕ್ಕಕ್ಕೆ ಬೀಳುತ್ತದೆ. ಕಂಟೇನರ್ ಸತ್ತು ರೀಸ್ಟಾರ್ಟ್ ಆದಾಗ ಹೊಸ ಸಿಗ್ರೂಪ್ ಬರುತ್ತದೆ, ಲೆಕ್ಕ ಸೊನ್ನೆಯಿಂದ ಶುರು. ಆದರೆ ಎಂಪ್ಟಿಡಿರ್ ಇರುವುದು ಪಾಡ್ ಇರುವ ತನಕ. ಕಂಟೇನರ್ ಎಷ್ಟು ಸಲ ಸತ್ತರೂ ಅದರ ಫೈಲ್ ಹೋಗುವುದಿಲ್ಲ. ಹಳೇ ಫೈಲ್‌ಗಳ ಸಾಲ ಮೇಲಿನ ಪಾಡ್ ಸಿಗ್ರೂಪ್‌ನಲ್ಲಿ ಉಳಿಯುತ್ತದೆ. ಟಾಪ್ ಪಾಡ್ ಈಗ ಓಡುತ್ತಿರುವ ಕಂಟೇನರ್‌ಗಳನ್ನು ಮಾತ್ರ ಕೂಡಿಸುತ್ತದೆ. ಹಾಗಾಗಿ ನಿಮಗೆ ಕಾಣಲಿಲ್ಲ.

ಪಾಡ್ ಮಟ್ಟದಲ್ಲಿ ತಡೆ ಯಾಕಿಲ್ಲ ಅಂದರೆ, ಪಾಡ್ ಸಿಗ್ರೂಪ್‌ಗೆ ಲಿಮಿಟ್ ಬೀಳುವುದು ಒಳಗಿನ ಎಲ್ಲ ಕಂಟೇನರ್‌ಗೂ ಲಿಮಿಟ್ ಇದ್ದರೆ ಮಾತ್ರ. ನಿಮ್ಮ ಪಾಡ್‌ನಲ್ಲಿ ಲಿಮಿಟ್ ಇಲ್ಲದ ಸೈಡ್‌ಕಾರ್ (ಜೊತೆಗೆ ಓಡುವ ಸಹಾಯಕ ಕಂಟೇನರ್) ಒಂದು ಇದ್ದೇ ಇರುತ್ತದೆ, ಲಾಗ್ ಕಳಿಸುವಂಥದ್ದು ಯಾವುದೋ. ಒಂದಕ್ಕೆ ಬಿಟ್ಟರೂ ಇಡೀ ಪಾಡ್‌ಗೆ ತಡೆ ಇಲ್ಲ.

ಈಗ ಮಾಡಬೇಕಾದ್ದು: ಟಿಎಂಪಿಯನ್ನು ಮಾಮೂಲಿ ಎಂಪ್ಟಿಡಿರ್‌ಗೆ, ಅಂದರೆ ಡಿಸ್ಕ್‌ಗೆ ಹಾಕಿ. ಮೆಮೊರಿ ಡೆವ್ ಎಸ್‌ಎಚ್‌ಎಂಗೆ ಮಾತ್ರ ಸಾಕು, ಅದಕ್ಕೂ ಸೈಜ್‌ಲಿಮಿಟ್ 256 ಎಂಬಿ ಇಟ್ಟು ನೋಡಿ. ತುಂಬಿದರೆ ಜಾಗ ಇಲ್ಲ ಅಂತ ಆ ಕ್ರೋಮ್ ಬೀಳಬಹುದು, ಆದರೆ ನೋಡ್ ಉಳಿಯುತ್ತದೆ. ಸೈಡ್‌ಕಾರ್‌ಗೂ ಲಿಮಿಟ್ ಕೊಡಿ. ಕಂಟೇನರ್ ಶುರುವಾಗುವ ಸ್ಕ್ರಿಪ್ಟ್‌ನಲ್ಲೇ ಹಳೇ ಪ್ರೊಫೈಲ್‌ಗಳನ್ನು ಅಳಿಸಿಬಿಡಿ. ಇಲ್ಲದಿದ್ದರೆ ನಾಳೆ ಡಿಸ್ಕ್ ತುಂಬುತ್ತದೆ, ಅಷ್ಟೇ. ಸದ್ಯಕ್ಕೆ ರೀಬೂಟ್ ಬೇಡ. ಆ ಪಾಡ್ ಒಂದನ್ನು ಡಿಲೀಟ್ ಮಾಡಿದರೆ ಎಂಪ್ಟಿಡಿರ್ ಜೊತೆಗೇ ಹೋಗುತ್ತದೆ.

ಪ್ರೋಬ್ ಟೈಮ್‌ಔಟ್ ಎಷ್ಟಿದೆ? ಏನೂ ಬರೆಯದಿದ್ದರೆ 1 ಸೆಕೆಂಡ್. ರಶ್‌ನಲ್ಲಿ ಕ್ರೋಮ್ ಸಿಪಿಯು ತಿನ್ನುವಾಗ ಅದು ಖಂಡಿತ ಸಾಲದು.

ಅಂತರಗಂಗೆ:

ಪಾಡ್ ಡಿಲೀಟ್ ಮಾಡಿದ ಕೂಡಲೇ ನೋಡ್ 6 ಜಿಬಿ ಆಸುಪಾಸಿಗೆ ಇಳಿಯಿತು. ಸೈಡ್‌ಕಾರ್ ವಿಷಯವೂ ನೀವು ಹೇಳಿದ ಹಾಗೇ ಇದೆ, ಅದಕ್ಕೆ ಲಿಮಿಟ್ ಇರಲಿಲ್ಲ. ಟೈಮ್‌ಔಟ್ 1 ಸೆಕೆಂಡೇ ಇತ್ತು, 5 ಮಾಡುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಅಣ್ಣಾ.

ನಂದಿಬೆಟ್ಟ:

ನೋಡ್ ಎಕ್ಸ್‌ಪೋರ್ಟರ್ (ನೋಡ್‌ನ ಅಂಕಿಅಂಶ ಕಳಿಸುವ ಟೂಲ್) ಇದ್ದರೆ ಎಸ್‌ಎಚ್‌ಮೆಮ್ ಬೈಟ್ಸ್ ಮೇಲೆ ಒಂದು ಅಲರ್ಟ್ ಹಾಕಿಬಿಡಿ, 1 ಜಿಬಿ ದಾಟಿದರೆ ಮೆಸೇಜ್ ಬರಲಿ. ಇದೇ ಥರ ಲೆಕ್ಕ ತಪ್ಪಿ ಇಲ್ಲಿಗೆ ಬರುವವರಿಗೆ ಒಂದು ಮಾತು: ನಿಮ್ಮಲ್ಲಿ ಎಸ್‌ಎಚ್‌ಮೆಮ್ ಕಡಿಮೆ ಇದ್ದರೆ ಮೆಮ್‌ಇನ್ಫೋದಲ್ಲೇ ಸ್ಲ್ಯಾಬ್ (ಕರ್ನಲ್ ತನಗಾಗಿ ಬಳಸುವ ಮೆಮೊರಿ) ಮತ್ತು ಹ್ಯೂಜ್‌ಪೇಜಸ್ (ದೊಡ್ಡ ತುಂಡುಗಳಾಗಿ ಕೊಡುವ ಮೆಮೊರಿ) ಟೋಟಲ್ ಸಾಲು ನೋಡಿ. ಮೊದಲೇ ಕಾದಿರಿಸಿದ ಹ್ಯೂಜ್‌ಪೇಜ್ ಯಾರೂ ಬಳಸದಿದ್ದರೂ ರ‍್ಯಾಮ್ ಹಿಡಿದಿರುತ್ತದೆ, ಪ್ರಾಸೆಸ್ ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ.