ಪದಚರ್ಚೆ: ಎಲ್ಲಕ್ಕೂ ‘ಬಿಸಿನೀರಿನ ಬುಗ್ಗೆ’ ಎಂದರೆ ಸಾಕೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಐಸ್‌ಲ್ಯಾಂಡಿನ ಉತ್ತರ ಭಾಗದಲ್ಲಿರುವ ಮೀವಾತ್ನ್ ಸರೋವರದ ಸುತ್ತಲಿನ ನೋಡತಕ್ಕ ಜಾಗಗಳನ್ನು ಕುರಿತು, ಅಲ್ಲಿಗೆ ಪ್ರವಾಸ ಹೋಗುವ ಕನ್ನಡಿಗರಿಗಾಗಿ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ನಮ್ಮ ನಿಘಂಟುಗಳೂ ಪತ್ರಿಕೆಗಳೂ ನೆಲದಿಂದ ಬಿಸಿಯಾಗಿ ಹೊರಬರುವ ಎಲ್ಲಕ್ಕೂ ‘ಬಿಸಿನೀರಿನ ಬುಗ್ಗೆ’ ಎಂಬ ಒಂದೇ ಮಾತನ್ನು ಬಳಸುವುದು ಬರೆಯುತ್ತಾ ಹೋದಂತೆ ದೊಡ್ಡ ತೊಡಕಾಗಿದೆ. ಅಲ್ಲಿ ಕಣ್ಣಿಗೆ ಬೀಳುವುದು ಒಂದೇ ವಸ್ತುವಲ್ಲ.

ನಾಮಾಫ್ಯಾಟ್ಲ್ ಬೆಟ್ಟದ ಬುಡದಲ್ಲಿರುವ ಹ್ವೇರಿರ್ ಎಂಬ ಜಾಗದಲ್ಲಿ ನಾನು ಹಗ್ಗದ ಬೇಲಿಯ ಈಚೆ ಬಹಳ ಹೊತ್ತು ನಿಂತಿದ್ದೆ. ಎದುರಿಗೆ ಬೂದುಬಣ್ಣದ ಕೆಸರಿನ ಹೊಂಡವೊಂದು, ಮುದ್ದೆಗೆ ಎಸರಿಟ್ಟು ಹಿಟ್ಟು ಸುರಿದಾಗ ನಡುವಿನಲ್ಲಿ ಗುಳ್ಳೆ ಉಬ್ಬಿ ಬುಳುಕ್ಕನೆ ಒಡೆಯುವಂತೆ, ನಿಧಾನವಾಗಿ ಕುದಿಯುತ್ತಿತ್ತು. ಹತ್ತಾರು ಹೆಜ್ಜೆ ಆಚೆಗೆ, ಹನಿ ನೀರೂ ಕಾಣದ ಕಲ್ಲುಗುಪ್ಪೆಯೊಂದರ ಸಂದಿಗಳಿಂದ ಹಬೆಯು ಬುಸ್ಸೆಂದು ನುಗ್ಗುತ್ತಿತ್ತು. ಸುತ್ತಲಿನ ನೆಲಕ್ಕೆ ಗಂಧಕದ ಹಳದಿ ಹತ್ತಿತ್ತು. ಈ ಎರಡನ್ನೂ ಬುಗ್ಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಬುಗ್ಗೆ ಎಂದೊಡನೆ ನಮಗೆ ತಿಳಿನೀರು ಉಕ್ಕುವ ಚಿತ್ರವೇ ಮೂಡುತ್ತದೆ.

ಆ ನಾಡಿನವರು ಇದನ್ನು ಸೊಗಸಾಗಿ ಬಿಡಿಸಿಟ್ಟಿದ್ದಾರೆ. ಕುದಿಯುವಂಥದು ‘ಹ್ವೆರ್’; ಇಳಿದು ಮೈ ತೊಳೆಯಬಹುದಾದಷ್ಟು ಬೆಚ್ಚಗಿರುವಂಥದು ‘ಲೌಗ್’. ಹ್ವೆರ್ ಎಂಬುದರ ಮೊದಲಿಗೆ ಕೆಸರು, ಹಬೆ, ಚಿಮ್ಮುವಿಕೆ ಎಂಬ ಅರ್ಥದ ಪದಗಳನ್ನು ಸೇರಿಸಿ ಉಳಿದವನ್ನು ಹೇಳುತ್ತಾರೆ. ನಮ್ಮಲ್ಲಿಯೂ ಈ ಭೇದಕ್ಕೆ ಬೇಕಾದ ಸಾಮಗ್ರಿ ಇದೆ. ಹಳಗನ್ನಡದ ‘ಬೆನ್ನೀರ್’ ಎಂಬುದು ಬೆಚ್ಚನೆಯ ನೀರೇ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿರುವ ಬಿಸಿನೀರಿನ ಚಿಲುಮೆಗೆ ‘ಬೆಂದ್ರ್ ತೀರ್ಥ’ ಎಂಬ ಹೆಸರಿದ್ದು, ತುಳುವಿನ ‘ಬೆಂದ್ರ್’ ಎಂದರೂ ಬಿಸಿನೀರೇ. ಆದ್ದರಿಂದ ಲೌಗ್ ಎಂಬುದಕ್ಕೆ ‘ಬೆನ್ನೀರ ಕೊಳ’ ಎಂದೂ ಹ್ವೆರ್ ಎಂಬುದಕ್ಕೆ ‘ಕುದಿಬುಗ್ಗೆ’ ಎಂದೂ ಬರೆಯೋಣವೆಂದಿದ್ದೇನೆ. ಈ ಭೇದ ಬರಿಯ ಪಾಂಡಿತ್ಯದ ಮಾತಲ್ಲ. ಅಲ್ಲಿನ ಗ್ರ್ಯೋತಾಗ್ಯಾ ಎಂಬ ಗವಿಯೊಳಗಿನ ನೀರಿನಲ್ಲಿ ಜನ ಮೊದಲು ಮೀಯುತ್ತಿದ್ದರು. 1975ರಿಂದ 1984ರವರೆಗೆ ಹತ್ತಿರದ ಕ್ರಾಫ್ಲಾ ಎಂಬ ಜ್ವಾಲಾಮುಖಿಯಲ್ಲಿ ನೆಲ ಬಿರಿದು ಒಂಬತ್ತು ಬಾರಿ ಲಾವಾರಸ ಹರಿದ ಕಾಲದಲ್ಲಿ ಆ ನೀರು ಮೈ ಸುಡುವಷ್ಟು ಕಾದು ಸ್ನಾನ ನಿಂತುಹೋಯಿತು. ‘ಬಿಸಿನೀರಿನ ಬುಗ್ಗೆ’ ಎಂಬ ಒಂದೇ ಮಾತಿನಲ್ಲಿ ಈ ಕಥೆಯನ್ನು ಹೇಳಲು ಬರುವುದಿಲ್ಲ.

ಚಿಮ್ಮುವಂಥದಕ್ಕೆ ಇಂಗ್ಲಿಷಿನಿಂದ ಬಂದ ‘ಗೀಸರ್’ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದರ ಮೂಲ ಅದೇ ನಾಡಿನ ದಕ್ಷಿಣದಲ್ಲಿರುವ ಗೇಸಿರ್ ಎಂಬ ಬುಗ್ಗೆಯ ಹೆಸರು. ಆ ಹೆಸರು ರಭಸದಿಂದ ನುಗ್ಗು ಎಂಬ ಅರ್ಥದ ಧಾತುವಿನಿಂದ ಬಂದಿದೆ. ಆದರೆ ಕನ್ನಡದ ಓದುಗರಿಗೆ ಗೀಸರ್ ಎಂದರೆ ಬಚ್ಚಲುಮನೆಯ ಗೋಡೆಗೆ ಹಾಕಿಸಿದ ನೀರು ಕಾಯಿಸುವ ಯಂತ್ರ. ಆ ಅರ್ಥ ಇನ್ನು ಅಳಿಯುವಂತಿಲ್ಲ. ‘ಚಿಮ್ಮುಬುಗ್ಗೆ’ ಎಂದರೆ ಹೇಗೆ? ಗೇಸಿರ್‌ನ ಪಕ್ಕದಲ್ಲೇ ಕೆಲವು ನಿಮಿಷಗಳಿಗೊಮ್ಮೆ ಚಿಮ್ಮುವ ಸ್ತ್ರೋಕ್ಕುರ್ ಇದೆ. ಆ ಹೆಸರಿಗೆ ಬೆಣ್ಣೆ ಕಡೆಯುವ ಪಾತ್ರೆ ಎಂದರ್ಥ. ನೆಲದ ವ್ಯಾಪಾರಕ್ಕೆ ಮನೆಯೊಳಗಿನ ಪಾತ್ರೆಯ ಹೆಸರಿಟ್ಟ ಆ ಜನರ ದಾರಿಯೇ ನಮಗೂ ಒಳ್ಳೆಯದೆಂದು ನನಗೆ ತೋರುತ್ತದೆ.

ಕೆಸರಿನ ಹೊಂಡಕ್ಕೆ ‘ಕುದಿಗೆಸರು’ ಎಂದು ಬರೆದುಕೊಂಡಿದ್ದೇನೆ. ಸುಡುಗಾಡು, ಹುರಿಗಡಲೆ ಎಂಬ ಪದಗಳಲ್ಲಿ ಆದಂತೆಯೇ ಇಲ್ಲಿಯೂ ಕಕಾರಕ್ಕೆ ಗಕಾರ ಬಂದಿದೆ. ಬರಿಯ ಹಬೆ ಬರುವ ಸಂದಿಗೆ ‘ಹಬೆಗಂಡಿ’ ಎನ್ನಬಹುದು. ‘ಹೊಗೆ’ ಎಂದು ಮಾತ್ರ ಬರೆಯಬಾರದೆಂಬುದು ನನ್ನ ನಿಲುವಾಗಿತ್ತು. ಆದರೆ ಸರೋವರದ ದಡದ ಊರಾದ ರೇಕ್ಯಾಹ್ಲಿಧ್ ಎಂಬ ಹೆಸರಿನ ಮೊದಲರ್ಧಕ್ಕೆ ಹೊಗೆ ಎಂದೇ ಅರ್ಥವಿರುವುದರಿಂದ, ಊರಿನ ಹೆಸರನ್ನು ವಿವರಿಸುವಲ್ಲಿ ಹೊಗೆಯನ್ನು ಹಾಗೆಯೇ ಉಳಿಸಿಕೊಳ್ಳುತ್ತೇನೆ.

ಜಲಪಾತಗಳ ವಿಷಯದಲ್ಲಿ ತೊಡಕಿಲ್ಲ. ಹೆಸರಿನ ಕೊನೆಯ ‘ಫಾಸ್’ ಎಂಬುದಕ್ಕೆ ಮಲೆನಾಡಿನ ‘ಅಬ್ಬಿ’ ಚೆನ್ನಾಗಿ ಕೂಡುತ್ತದೆ. ಗೋಥಾಫಾಸ್ ಎಂಬುದನ್ನು ‘ದೇವರಬ್ಬಿ’ ಎಂದು ಬಿಡಿಸಿದ್ದೇನೆ. ಕಪ್ಪು ಕಲ್ಲಿನ ಕಂಬಗಳೂ ಕಮಾನುಗಳೂ ತುಂಬಿದ ದಿಮ್ಮುಬೋರ್ಗಿರ್ ‘ಕತ್ತಲ ಕೋಟೆ’ ಆಗಿದೆ. ಮೀವಾತ್ನ್ ಎಂದರೆ ನೊರಜಿನ ನೀರು. ಅದನ್ನು ಕೆರೆ ಎನ್ನದೆ ಸರೋವರ ಎಂದೇ ಬರೆದಿದ್ದೇನೆ, ಏಕೆಂದರೆ ಕೆರೆ ನಮ್ಮಲ್ಲಿ ಜನರು ಕಟ್ಟಿಸಿದ್ದು.

ಹೆಚ್ಚು ಕಾಡುತ್ತಿರುವುದು ಸ್ಕೂತುಸ್ತಾದಿರ್ ಎಂಬ ಊರಿನ ಬಳಿಯ ಕುಳಿಗಳು. ಸುಮಾರು 2,300 ವರ್ಷಗಳ ಹಿಂದೆ ಲಾವಾರಸವು ಜವುಗು ನೆಲದ ಮೇಲೆ ಹರಿದಾಗ, ಅಡಿಯಲ್ಲಿ ಸಿಕ್ಕಿದ ನೀರು ಹಬೆಯಾಗಿ ಸಿಡಿದು ಮೂಡಿದ ಗುಡ್ಡಗಳು ಅವು. ಅವುಗಳ ಬಾಯಿಂದ ಭೂಗರ್ಭದ ರಸ ಎಂದೂ ಬಂದದ್ದಲ್ಲ. ಇಂಗ್ಲಿಷಿನ ‘ಸೂಡೋಕ್ರೇಟರ್’ ಎಂಬುದರ ಜಾಡಿನಲ್ಲಿ ‘ಮಿಥ್ಯಾಕುಳಿ’ ಎಂದರೆ ಅದು ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸವಾಗುತ್ತದೆ. ‘ಹುಸಿಗುಳಿ’ ಎಂದರೆ ಸಮಾಸ ಸರಿಹೋಗುತ್ತದೆ, ಅರ್ಥ ಹೊಂದುವುದಿಲ್ಲ. ಕುಳಿ ಕಣ್ಣೆದುರಿಗೇ ಇರುವಾಗ ಅದು ಹುಸಿಯಾಗುವುದು ಹೇಗೆ? ಭೂವಿಜ್ಞಾನಿಗಳು ಇವನ್ನು ಬೇರಿಲ್ಲದ ಕುಳಿಗಳೆಂದೂ ಕರೆಯುತ್ತಾರೆ. ಸದ್ಯಕ್ಕೆ ‘ಬೇರಿಲ್ಲದ ಕುಳಿ’ ಎಂದು ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಅಡಕವಾದ ಪದ ಹೊಳೆದವರು ದಯವಿಟ್ಟು ತಿಳಿಸಬೇಕು.

ಇನ್ನೊಂದು ಕೋರಿಕೆ. ತೆಳ್ಳಗಿನ ನೀರು ಮರಳುವುದಕ್ಕೂ ಮಂದವಾದ ಪಾಕ ಗುಳ್ಳೆಯೆದ್ದು ಕುದಿಯುವುದಕ್ಕೂ ಆಲೆಮನೆಗಳಲ್ಲಿ ಬೇರೆ ಬೇರೆ ಮಾತುಗಳಿದ್ದರೆ, ಕೊಪ್ಪರಿಗೆಯ ಮುಂದೆ ನಿಂತು ಕೆಲಸ ಮಾಡಿದ ಮನೆಯವರು ಬಳಗದಲ್ಲಿದ್ದಲ್ಲಿ, ಅವು ಯಾವ ಸೀಮೆಯವು ಎಂಬುದನ್ನೂ ಸೇರಿಸಿ ಬರೆಯಬೇಕು. ಕುದಿಗೆಸರನ್ನು ಬಣ್ಣಿಸುವ ಪುಟವನ್ನು ಅದಕ್ಕಾಗಿಯೇ ಖಾಲಿ ಬಿಟ್ಟಿದ್ದೇನೆ.