ಐಸಿಯುನಲ್ಲಿ ಮಲಗಿದವರಿಗೆ ಇಇಜಿ ಯಾಕೆ ಬೇಕು?

ಪ್ರಶ್ನೆ (ಶಹಾಪುರದಿಂದ):
ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನಮ್ಮ ಕಾಕಾ ಗಾಡಿ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿದೆ. ಕಲಬುರಗಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇದ್ದಾರೆ. ವಾರದ ಮೇಲಾಯಿತು, ಕರೆದರೆ ಓ ಅನ್ನುವುದಿಲ್ಲ. ಒಮ್ಮೊಮ್ಮೆ ಎಡಗಣ್ಣಿನ ರೆಪ್ಪೆ ಪಟಪಟ ಬಡಿಯುತ್ತದೆ ಅಷ್ಟೇ. ಸಿಟಿ ಸ್ಕ್ಯಾನ್ ಎರಡು ಸಲ ಆಗಿದೆ, ಈಗ ಇಇಜಿ ಅನ್ನುತ್ತಿದ್ದಾರೆ. ತಲೆಗೆ ಕರೆಂಟ್ ಕೊಡುವುದು ಬೇಡ ಅಂತ ನಮ್ಮ ಆಯಿ ಹಟ ಹಿಡಿದಿದ್ದಾರೆ. ಇದು ಸುಮ್ನೆ ಬಿಲ್ ಜಾಸ್ತಿ ಮಾಡೋಕೆ ಅಲ್ವಾ? ಎಚ್ಚರ ಆಗ್ತಾರೋ ಇಲ್ಲವೋ ಇದರಲ್ಲಿ ಗೊತ್ತಾಗುತ್ತಾ?

ಉತ್ತರ (ನರರೋಗ ವೈದ್ಯರು, ಕಲಬುರಗಿ):
ಮೊದಲು ಆಯಿಗೆ ಧೈರ್ಯ ಹೇಳಿ. ಇಇಜಿಯಲ್ಲಿ ಕರೆಂಟ್ ಕೊಡುವುದಿಲ್ಲ. ಮೆದುಳೇ ಹುಟ್ಟಿಸುವ ಕರೆಂಟನ್ನು ನೆತ್ತಿಯ ಮೇಲಿಂದ ದಾಖಲಿಸುತ್ತೇವೆ, ಎದೆಗೆ ಇಸಿಜಿ ಮಾಡಿದ ಹಾಗೆ. ಸಿಟಿಯಲ್ಲಿ ರಕ್ತ, ಬಾವು, ಮೂಳೆ ಮುರಿತ ಕಾಣುತ್ತದೆ. ಮೆದುಳು ಈ ಗಳಿಗೆಯಲ್ಲಿ ಹೇಗೆ ಕೆಲಸ ಮಾಡುತ್ತಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ನೀವು ರೆಪ್ಪೆ ಬಡಿಯುತ್ತದೆ ಅಂದಿರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಕೈಕಾಲು ಸೆಟೆಯದೆ, ಬಾಯಲ್ಲಿ ನೊರೆ ಬರದೆ ಒಳಗೊಳಗೇ ಫಿಟ್ಸ್ ನಡೆಯಬಹುದು. ಹೊರಗೆ ಬರೀ ರೆಪ್ಪೆಯೋ ತುಟಿಯ ಅಂಚೋ ಅದುರುತ್ತದೆ, ಕೆಲವೊಮ್ಮೆ ಅದೂ ಇಲ್ಲ. 2000ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ, ಹೊರಗೆ ಫಿಟ್ಸಿನ ಲಕ್ಷಣವೇ ಇಲ್ಲದ 236 ಕೋಮಾ ರೋಗಿಗಳಿಗೆ ಇಇಜಿ ಮಾಡಿದರು. ನೂರಕ್ಕೆ 8 ಜನರಲ್ಲಿ ಒಳಗೆ ಫಿಟ್ಸ್ ನಡೆಯುತ್ತಲೇ ಇತ್ತು. ಇದಕ್ಕೆ ಔಷಧಿ ಇದೆ, ಆದರೆ ಇಇಜಿ ಇಲ್ಲದೆ ಹಿಡಿಯುವುದು ಕಷ್ಟ. ಆದ್ದರಿಂದ ಬಿಲ್ಲಿನ ಮಾತು ಬಿಡಿ, ಮಾಡಿಸಿ. ಸಿಸ್ಟರನ್ನು ಕೇಳಿ ರೆಪ್ಪೆ ಬಡಿಯುವಾಗ ಮೊಬೈಲಲ್ಲಿ ವಿಡಿಯೋ ತೆಗೆದು ಡಾಕ್ಟರಿಗೆ ತೋರಿಸಿ.

ಎಚ್ಚರದ ಪ್ರಶ್ನೆ ಬೇರೆ. ಅದಕ್ಕೆ ಮೊದಲು ಟೆಸ್ಟ್ ಹೇಗೆ ನಡೆಯುತ್ತದೆ ಕೇಳಿ. ಟೆಕ್ನಿಷಿಯನ್ ಟೇಪು ಹಿಡಿದು ತಲೆ ಅಳೆಯುತ್ತಾರೆ, ಗುರುತು ಹಾಕಿ, ಪೇಸ್ಟ್ ಹಚ್ಚಿ ಇಪ್ಪತ್ತರಷ್ಟು ಪುಟ್ಟ ಬಿಲ್ಲೆ ಅಂಟಿಸುತ್ತಾರೆ. ಎಣ್ಣೆ ಜಿಡ್ಡಿದ್ದರೆ ಅಂಟುವುದೇ ಇಲ್ಲ, ನಮ್ಮ ಕಡೆ ಐಸಿಯುನಲ್ಲೂ ತಲೆಗೆ ಎಣ್ಣೆ ಒತ್ತುವವರಿದ್ದಾರೆ! ಆಮೇಲೆ ಇಪ್ಪತ್ತು-ಮೂವತ್ತು ನಿಮಿಷ ದಾಖಲೆ, ಮೆದುಳಿನ ಕರೆಂಟು ಅಲೆಅಲೆಯಾದ ಗೆರೆಗಳಾಗಿ ಕಾಣುತ್ತದೆ. ನಡುವೆ ಚಪ್ಪಾಳೆ ತಟ್ಟಿ, ಹೆಸರು ಕರೆದು, ಉಗುರು ಒತ್ತಿ ನೋಡುತ್ತೇವೆ. ಆಗ ಗೆರೆ ಬದಲಾದರೆ ಒಳ್ಳೆಯ ಸೂಚನೆ. ನಾನು ಮನೆಯವರನ್ನೇ ಕರೆಯಲು ಹೇಳುತ್ತೇನೆ, ಅದೂ ಆಧಾರ್ ಕಾರ್ಡಿನ ಹೆಸರಲ್ಲ, ಊರಲ್ಲಿ ಕರೆಯುವ ಹೆಸರು. ಆದರೆ ಬರೀ ಒಂದು ಇಇಜಿ ನೋಡಿ ಏಳುತ್ತಾರೆ, ಏಳುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೀದರ್‌ನಿಂದ ಒಬ್ಬರು:
ಸರ್, ನಮ್ಮ ಅಣ್ಣನ ರಿಪೋರ್ಟಲ್ಲಿ ಅಲೆಗಳು ನಿಧಾನ, ಶಬ್ದಕ್ಕೆ ಬದಲಾವಣೆ ಇಲ್ಲ ಅಂತ ಬರೆದಿದ್ದಾರೆ. ಮನೆಗೆ ಒಯ್ಯಿರಿ ಅನ್ನುತ್ತಿದ್ದಾರೆ. ಹೈದರಾಬಾದಿಗೆ ಹೋಗೋಣವೇ?

ಉತ್ತರ:
ಗಾಡಿ ಬುಕ್ ಮಾಡುವ ಮೊದಲು ಒಂದು ಮಾತು ಕೇಳಿ: ಟೆಸ್ಟ್ ಮಾಡುವಾಗ ನಿದ್ದೆ ಇಂಜೆಕ್ಷನ್ ನಡೆಯುತ್ತಿತ್ತಾ? ಮಿಡಜೋಲಮ್, ಪ್ರೊಪೋಫಾಲ್ ಇವು ಅಲೆಗಳನ್ನೇ ಅದುಮಿಬಿಡುತ್ತವೆ. ಸೋಡಿಯಂ ಇಳಿದಿದ್ದರೂ, ಲಿವರ್ ಕಿಡ್ನಿ ಕೈಕೊಟ್ಟಿದ್ದರೂ ನಿಧಾನ ಆಗುತ್ತವೆ. ಕಣ್ಣು ಮುಚ್ಚಿ ಎಚ್ಚರ ಇರುವ ದೊಡ್ಡವರಲ್ಲಿ ಸೆಕೆಂಡಿಗೆ 8ರಿಂದ 13 ಅಲೆ ಕಾಣುತ್ತವೆ, ಕೋಮಾದಲ್ಲಿ 4ಕ್ಕಿಂತ ಕಡಿಮೆ ಆಗುವುದು ಸಾಮಾನ್ಯ. ನಿಧಾನ ಅಂದಮಾತ್ರಕ್ಕೆ ಕೈಬಿಡುವಂತಿಲ್ಲ. ಔಷಧಿ ಇಳಿದ ಮೇಲೆ ಇನ್ನೊಮ್ಮೆ ಮಾಡಿ ಅಂತ ಕೇಳುವುದು ನಿಮ್ಮ ಹಕ್ಕು.

ಇನ್ನೊಂದು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಮೈ ಅಲ್ಲಾಡಿಸದ 241 ರೋಗಿಗಳಲ್ಲಿ 60 ಜನರ ಮೆದುಳು ಒಳಗೆ ಸೂಚನೆ ಪಾಲಿಸುತ್ತಿತ್ತು. ಹಾಗಂತ ಜಾಸ್ತಿ ಆಸೆ ಕಟ್ಟಬೇಡಿ. ಅದಕ್ಕೆ ಬಳಸಿದ್ದು ವಿಶೇಷ ಇಇಜಿ ಮತ್ತು ಎಂಆರ್‌ಐ ಲೆಕ್ಕಾಚಾರ, ಮಾಮೂಲಿ ಇಇಜಿಯಲ್ಲಿ ಅದು ಸಿಗುವುದಿಲ್ಲ. ಆದರೆ ಹಾಸಿಗೆ ಪಕ್ಕ ನಿಂತು "ಇವನದು ಮುಗೀತು" ಅಂತ ಯಾರೂ ಮಾತಾಡಬಾರದು. ನೆಂಟರಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು.

ಯಾದಗಿರಿಯಿಂದ ಒಬ್ಬರು:
ಗೆರೆ ಸಪಾಟಾದರೆ ಸತ್ತಂತೆಯೇ ಅಲ್ವಾ?

ಉತ್ತರ:
ಅಲ್ಲ. ನಿದ್ದೆ ಔಷಧಿ ಜಾಸ್ತಿಯಾದರೂ, ಮೈ ತೀರಾ ತಣ್ಣಗಾದರೂ ಸಪಾಟಾಗಬಹುದು. ಮಿದುಳು ಸಾವು ನಿರ್ಧರಿಸುವ ನಿಯಮ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿದೆ: ನಾಲ್ಕು ವೈದ್ಯರ ತಂಡ, ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ. ಅದಕ್ಕೆ ಇಇಜಿ ಕಡ್ಡಾಯವಲ್ಲ.

ಶಹಾಪುರದವರು:
ಆಯಿ ಒಪ್ಪಿದರು ಸಾಹೇಬ್ರೇ, ನಾಳೆ ಬೆಳಿಗ್ಗೆ ಮಾಡುತ್ತಾರೆ. ಕಾಕಾಗೆ ಬಲಗಡೆ ಹೊಲಿಗೆ ಇದೆ, ತಲೆ ತೊಳೆಯಬಹುದಾ?

ಉತ್ತರ:
ನೀವು ಮುಟ್ಟಬೇಡಿ, ಸಿಸ್ಟರ್ ಒರೆಸುತ್ತಾರೆ. ಹೊಲಿಗೆ ಇರುವ ಕಡೆ ಬಿಲ್ಲೆ ಸ್ವಲ್ಪ ಸರಿಸಿ ಹಚ್ಚುತ್ತಾರೆ, ಅದನ್ನು ರಿಪೋರ್ಟಲ್ಲಿ ಬರೆಯಲು ಹೇಳಿ. ನಿದ್ದೆ ಇಂಜೆಕ್ಷನ್ ಎಷ್ಟು ಹೊತ್ತಿಗೆ ನಿಲ್ಲಿಸಿದರು ಅನ್ನುವುದನ್ನೂ.