ಕರಬೂಜ: ಹೂವು ತುಂಬಾ ಇದೆ, ಕಾಯಿ ನಿಲ್ಲುತ್ತಿಲ್ಲ

ಪ್ರಶ್ನೆ, ಬೆಂಗಳೂರಿನಿಂದ: ಅಂಗಡಿಯ ಕರಬೂಜದ ಬೀಜ ತೊಳೆದು ತಾರಸಿ ಕುಂಡದಲ್ಲಿ ಹಾಕಿದ್ದೆ. ಬಳ್ಳಿ ಜೋರಾಗಿದೆ, ಹೂವೂ ಇದೆ. ಪಿಂದೆ ಮಾತ್ರ ಕಡಲೆಕಾಯಿ ಗಾತ್ರಕ್ಕೆ ಹಳದಿಯಾಗಿ ಉದುರುತ್ತಿದೆ. ಕಿತ್ತು ಹೊಸ ಬೀಜ ಹಾಕಲಾ?

ತುಮಕೂರು: ಕೀಳಬೇಡಿ. ಮೊದಲ ವಾರ ಹತ್ತು ದಿನ ಬರೋದು ಬರೀ ಗಂಡು ಹೂವು, ಉದುರೋದು ಸಹಜ. ಹೆಣ್ಣು ಹೂವಿನ ಬುಡದಲ್ಲಿ ನವಿರು ರೋಮದ ಪುಟ್ಟ ಪಿಂದೆ ಇರುತ್ತೆ. ಅದು ಹಳದಿಯಾದರೆ ಬಹುತೇಕ ಪರಾಗ ಸಿಕ್ಕಿಲ್ಲ ಅಂತಲೇ ಅರ್ಥ. ಎತ್ತರದ ತಾರಸಿಗೆ ಜೇನು ಬರೋದು ಕಡಿಮೆ. ಬೆಳಿಗ್ಗೆ 7ರಿಂದ 9ರೊಳಗೆ ಆಗ ಅರಳಿದ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನ ಹೆಣ್ಣು ಹೂವಿನೊಳಗೆ ಸುತ್ತಲೂ ಸವರಿ. ಒಂದೇ ಕಡೆ ತಾಗಿದರೆ ಕಾಯಿ ಸೊಟ್ಟ. ಮಧ್ಯಾಹ್ನ ಹೂವು ಬಾಡಿದ ಮೇಲೆ ಮಾಡಿ ಪ್ರಯೋಜನ ಇಲ್ಲ.

ಮಂಡ್ಯ: ಕುಡಿ ಚಿವುಟಿದ್ದೀರಾ? ಹೆಣ್ಣು ಹೂವು ಹೆಚ್ಚಾಗಿ ಬರೋದು ಪಕ್ಕದ ಕವಲಲ್ಲಿ. ಐದನೇ ಎಲೆ ಬಂದಾಗ ತುದಿ ಚಿವುಟಿ ಎರಡು ಮೂರು ಕವಲು ಬಿಡಬೇಕು. ಯೂರಿಯಾ ಹಾಕ್ತಿದ್ದರೆ ನಿಲ್ಲಿಸಿ, ಎಲೆ ಕೊಬ್ಬುತ್ತೆ ಅಷ್ಟೇ. 18 ಇಂಚಿನ ಚೀಲಕ್ಕೆ ಒಂದೇ ಬಳ್ಳಿ, ಎರಡೇ ಕಾಯಿ. ಮೂರನೇದಕ್ಕೆ ಆಸೆಪಟ್ಟರೆ ಮೂರೂ ಸಪ್ಪೆ.

ಉಡುಪಿ: ಬೀಜದ ವಿಷಯ. ಅಂಗಡಿ ಹಣ್ಣು ಸಾಮಾನ್ಯವಾಗಿ ಹೈಬ್ರಿಡ್, ಅದರ ಬೀಜದಿಂದ ಅದೇ ಹಣ್ಣು ಬರುತ್ತೆ ಅನ್ನೋ ಭರವಸೆ ಇಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹೈಬ್ರಿಡ್ ಅಲ್ಲದ ತಳಿಗಳಾದ ಅರ್ಕಾ ಜೀತ್ ಅಥವಾ ಅರ್ಕಾ ರಾಜಹಂಸ ಹಾಕಿ. ಕುಂಡಕ್ಕೆ ಸಣ್ಣ ಹಣ್ಣಿನ ಜೀತ್ ವಾಸಿ. ಇನ್ನೊಂದು: ಪಕ್ಕದಲ್ಲಿ ಎಳೆಸೌತೆ ಇದ್ದರೆ ಚಿಂತೆಯಿಲ್ಲ, ಅದು ಬೇರೆ ಜಾತಿ. ನಮ್ಮ ಸಾಂಬಾರಿನ ಮಂಗಳೂರು ಸೌತೆ ಮಾತ್ರ ಕರಬೂಜದ್ದೇ ಜಾತಿ, ಪರಾಗ ಬೆರೆಯುತ್ತೆ. ಈ ಸಲದ ಹಣ್ಣಿನ ರುಚಿ ಕೆಡಲ್ಲ, ಮುಂದಿನ ಸಲದ ಬೀಜ ಕೆಡುತ್ತೆ.

ಚಿತ್ರದುರ್ಗ: ಹೊಸದಾಗಿ ಹಾಕೋರಿಗೆ ಜನವರಿ, ಫೆಬ್ರವರಿ ಒಳ್ಳೇದು. ಕಾಗದದ ಲೋಟದಲ್ಲಿ ಅರ್ಧ ಇಂಚು ಆಳ ಸಾಕು. ಎರಡು ಮೂರು ಎಲೆ ಬಂದಾಗ ಲೋಟದ ತಳ ಹರಿದು ಹಾಗೇ ನೆಡಿ, ಬೇರು ಅಲುಗಿದರೆ ಸಸಿ ಸೊರಗುತ್ತೆ.

ಕೋಲಾರ: ಕಾಯಿ ಹಿಡಿದ ಮೇಲಿನ ಶತ್ರು ಹಣ್ಣುನೊಣ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತೆ. ಚುಚ್ಚಿದ ಕಡೆ ಅಂಟಿನ ಹನಿ ಕಾಣುತ್ತೆ, ಒಳಗೆ ಹುಳು. ವಾಸನೆಯಿಂದ ನೊಣ ಸೆಳೆಯೋ ಮೋಹಕ ಬಲೆಗೆ ಬೀಳೋದು ಗಂಡು ನೊಣ ಮಾತ್ರ, ಮೊಟ್ಟೆ ಇಡೋದು ಹೆಣ್ಣು, ಹಾಗಾಗಿ ನಿಂಬೆ ಗಾತ್ರ ಆಗುವ ಮೊದಲೇ ಕಾಯಿಗೆ ಬಟ್ಟೆ ಚೀಲ ಕಟ್ಟಿ. ಸಂಜೆ ಎಲೆ ಮೇಲೆ ನೀರು ಹೊಯ್ಯಬೇಡಿ.

ತುಮಕೂರು, ಮತ್ತೆ: ಕಾಯಿ ಕಚ್ಚಿದ 35–45 ದಿನಕ್ಕೆ ಹಣ್ಣು. ಕೊನೇ ವಾರ ನೀರು ಕಡಿಮೆ ಮಾಡಿ, ಆದರೆ ಬಳ್ಳಿ ಬಾಡಬಾರದು. ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಹಣ್ಣು ಬಿರಿಯುತ್ತೆ. ಬಲೆ ಬಲೆ ಸಿಪ್ಪೆಯ ತಳಿಯಾದರೆ ತೊಟ್ಟಿನ ಸುತ್ತ ಉಂಗುರದಂತೆ ಬಿರುಕು ಬಿಟ್ಟು, ತುದಿ ಘಮ್ಮಂದು, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ತೊಟ್ಟು ಕಳಚಬೇಕು. ಮೊದಲೇ ಕಿತ್ತಿಟ್ಟರೆ ಮೆತ್ತಗಾಗುತ್ತೆ, ಸಿಹಿ ಹೆಚ್ಚಲ್ಲ.